ಕಂಬಂ ಕಣಿವೆಯ ರಾಗ, ಕನ್ನಡದ ಮಾತು: ಜನಪ್ರಿಯ ಗೀತೆ ಮನೆಮಾತನ್ನು ಎಷ್ಟರಮಟ್ಟಿಗೆ ಉಳಿಸೀತು?

ಬ್ರಿಟನ್ನಿನ ‘ಕಾರ್ನರ್‌ಶಾಪ್’ ಎಂಬ ಇಂಡೀ ರಾಕ್ ತಂಡ 1990ರ ದಶಕದ ಆರಂಭದಲ್ಲಿ ಲೆಸ್ಟರ್ ನಗರದಲ್ಲಿ ಹುಟ್ಟಿತು. ಪಂಜಾಬಿ ಮನೆತನದ ತಜಿಂದರ್ ಸಿಂಗ್ ಅದರ ಗಾಯಕ. ತಂಡವು 1997ರಲ್ಲಿ ಹೊರತಂದ ‘ಬ್ರಿಮ್‌ಫುಲ್ ಆಫ್ ಆಶಾ’ ಎಂಬ ಹಾಡು ಆಶಾ ಭೋಸ್ಲೆಯವರನ್ನೂ ಹಿಂದಿ ಚಿತ್ರಗೀತೆಗಳನ್ನೂ ನೆನೆಯುತ್ತದೆ. ನಾರ್ಮನ್ ಕುಕ್ ಮರುರೂಪಿಸಿದ ಈ ಹಾಡು 1998ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ಧ್ವನಿಮುದ್ರಿಕೆಯಲ್ಲಿ ಬೀಟಲ್ಸ್ ತಂಡದ ‘ನಾರ್ವೇಜಿಯನ್ ವುಡ್’ ಗೀತೆಯನ್ನು ಪಂಜಾಬಿ ಮಾತಿಗೆ ಅಳವಡಿಸಿ ಹಾಡಲಾಗಿದೆ. ಶಾಲೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆ ಆಗಿರುವೆಡೆ ಹಾಡು ಸೇತುವೆಯಾಗುವ ಬಗೆ ಇದು.

ಇಂತಹ ಸೇತುವೆಯೊಂದು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿಯೂ ಇದೆ. ಕಂಬಂ ಕಣಿವೆಯ ಕಪ್ಪಿಲಿಯರು ಮತ್ತು ತೇನಿ, ದಿಂಡಿಗಲ್ ಸೀಮೆಯ ಅನುಪ್ಪರು ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಕೃಷಿಕ ಸಮುದಾಯಗಳು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಗ್ರಂಥದಲ್ಲಿ ಈ ಎರಡೂ ಸಮುದಾಯಗಳ ಉಲ್ಲೇಖವಿದೆ. ಓದುಬರಹ ಮಾತ್ರ ತಮಿಳಿನಲ್ಲಿ.

ಇದೇ ಜಿಲ್ಲೆಯ ಪಣ್ಣೈಪುರದಲ್ಲಿ 1943ರಲ್ಲಿ ಜನಿಸಿದವರು ಇಳೆಯರಾಜ. ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಅವರು ಕನ್ನಡ ಚಿತ್ರರಂಗದ ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದರು. ಮುಂದೆ ಶಂಕರ್ ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983), ‘ನಮ್ಮೂರ ಮಂದಾರ ಹೂವೇ’ (1996) ಮೊದಲಾದ ಕನ್ನಡ ಚಿತ್ರಗಳಿಗೆ ಸಂಗೀತ ನೀಡಿದರು. ‘ಗೀತಾ’ ಚಿತ್ರದ ‘ಜೊತೆಯಲಿ’ ಗೀತೆಯ ಧಾಟಿ 1984ರಲ್ಲಿ ‘ನೂರಾವದು ನಾಳ್’ ಎಂಬ ತಮಿಳು ಚಿತ್ರಕ್ಕೂ, 2007ರಲ್ಲಿ ‘ಚೀನಿ ಕಮ್’ ಎಂಬ ಹಿಂದಿ ಚಿತ್ರಕ್ಕೂ ಹೋಯಿತು. ಕನ್ನಡದಲ್ಲಿ ಹುಟ್ಟಿದ ರಾಗ ತಮಿಳಿಗೆ ಸಾಗಿದ್ದು ಹೀಗೆ.

ಒಂದೇ ಧಾಟಿ ಹಲವು ಭಾಷೆಗಳಿಗೆ ಒಗ್ಗುವುದು ಹೇಗೆ? ಎಲ್ಲಿ ಹ್ರಸ್ವ, ಎಲ್ಲಿ ದೀರ್ಘ, ಎಲ್ಲಿ ನಿಲುಗಡೆ ಎಂಬುದನ್ನು ಧಾಟಿ ಗೊತ್ತುಮಾಡುತ್ತದೆ. ಆ ಅಳತೆಗೆ ತಕ್ಕ ಮಾತನ್ನು ಕವಿ ತನ್ನ ಭಾಷೆಯಿಂದ ಆಯ್ದುಕೊಳ್ಳುತ್ತಾನೆ. ಧಾಟಿ ಮೊದಲೇ ಪರಿಚಿತವಾಗಿರುವ ಮಗುವಿಗೆ ಕನ್ನಡದ ಪದಗಳು ಬೇಗ ನಾಲಿಗೆಗೆ ಹತ್ತುತ್ತವೆ. ಸ್ವರದ ಅಳತೆ, ಒತ್ತಕ್ಷರದ ಉಚ್ಚಾರಣೆ ಹಾಡಿನೊಡನೆಯೇ ಬರುತ್ತವೆ.

ಆದರೆ ಕಿವಿಯ ಕಲಿಕೆಗೆ ಒಂದು ಮಿತಿಯುಂಟು. ತಮಿಳು ಲಿಪಿಯಲ್ಲಿ ಕ ಮತ್ತು ಗ, ತ ಮತ್ತು ದ, ಪ ಮತ್ತು ಬ ಎಂಬ ಜೋಡಿಗಳಿಗೆ ಒಂದೊಂದೇ ಅಕ್ಷರ. ಕನ್ನಡದ ಹಾಡನ್ನು ಆ ಲಿಪಿಯಲ್ಲಿ ಬರೆದಿಟ್ಟುಕೊಂಡರೆ ‘ಕಾಳಿ’ಯೂ ‘ಗಾಳಿ’ಯೂ, ‘ಪಾಡು’ವೂ ‘ಬಾಡು’ವೂ ಒಂದೇ ರೂಪದಲ್ಲಿ ಕಾಣುತ್ತವೆ. ಹಾಡಿದವರನ್ನು ಕೇಳಿದ ತಲೆಮಾರಿಗೆ ವ್ಯತ್ಯಾಸ ಗೊತ್ತಿರುತ್ತದೆ. ಕೇಳದ ತಲೆಮಾರಿಗೆ ಅದು ತಿಳಿಯುವ ದಾರಿಯಿಲ್ಲ. ಇದು ತಮಿಳು ಲಿಪಿಯ ಕೊರತೆಯಲ್ಲ. ಅದು ತಮಿಳಿಗಾಗಿ ರೂಪುಗೊಂಡದ್ದು, ಅಷ್ಟೆ.

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಯ ಬೆಲೆ ಇಲ್ಲಿ ಅರಿವಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕಂಬಂ ಕಣಿವೆಯ ಮನೆಗಳಲ್ಲಿ ಮಾತು ಉಳಿದಿದೆ, ಅಕ್ಷರ ಜೊತೆಗಿಲ್ಲ. ನಮ್ಮ ಮಕ್ಕಳಿಗೆ ಎರಡೂ ಲಭ್ಯ.

ಆದುದರಿಂದ ಪೋಷಕರಲ್ಲಿ ನಮ್ಮದೊಂದು ಸೂಚನೆ. ಮಕ್ಕಳು ಮೆಚ್ಚಿದ ಹಾಡು ಯಾವ ಭಾಷೆಯದಾದರೂ ಇರಲಿ, ತಡೆಯಬೇಡಿ. ವಾರಕ್ಕೊಂದು ಕನ್ನಡ ಗೀತೆಯನ್ನು ಜೊತೆಗೆ ಕೂತು ಕೇಳಿ, ಅದರ ಪದಗಳನ್ನು ಕನ್ನಡ ಲಿಪಿಯಲ್ಲಿ ಮಕ್ಕಳ ಕೈಯಿಂದಲೇ ಬರೆಸಿ. ಅಜ್ಜ ಅಜ್ಜಿಯರು ಹಾಡುವ ಸೋಬಾನೆ, ಜೋಗುಳಗಳನ್ನೂ ಅದೇ ಪುಸ್ತಕಕ್ಕೆ ಸೇರಿಸಿ. ಅವು ಯಾವ ಧ್ವನಿಮುದ್ರಿಕೆಯಲ್ಲಿಯೂ ಸಿಗಲಾರವು.