ಪಂಕ್ತಿಭೇದವನ್ನು ಸಹಿಸದ ಕಾರ್ಮಿಕ ನಾಯಕ

ಉಣ್ಣುವ ಪಂಕ್ತಿಯಲ್ಲಿ ಭೇದವೆಣಿಸಬಾರದೆಂಬುದು ಮಠದಲ್ಲಿ ಬೆಳೆದ ನಮಗೆ ಬಾಲ್ಯದಲ್ಲಿಯೇ ದೊರೆತ ಪಾಠ. ಆದ್ದರಿಂದಲೇ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸರ ಜೀವನದ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ನಿಂತಿದೆ. 1930ರ ಜೂನ್ 3ರಂದು ಮಂಗಳೂರಿನ ಕ್ರೈಸ್ತ ಮನೆತನದಲ್ಲಿ ಜನಿಸಿದ ಅವರನ್ನು, ಪಾದ್ರಿಯಾಗಲೆಂದು, ಹದಿನಾರನೆಯ ವಯಸ್ಸಿನಲ್ಲಿ ಬೆಂಗಳೂರಿನ ಸೆಮಿನರಿಗೆ ಕಳುಹಿಸಲಾಯಿತು. ಅಲ್ಲಿ ಗುರುಗಳಿಗೆ ಎತ್ತರದ ಮೇಜು, ಮೇಲಾದ ಭೋಜನ, ವಿದ್ಯಾರ್ಥಿಗಳಿಗೆ ಬೇರೆ. ಬೋಧನೆಗೂ ಆಚರಣೆಗೂ ಇರುವ ಈ ಅಂತರವನ್ನು ಕಂಡು ಬೇಸತ್ತು ಹೊರಬಂದುದಾಗಿ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಈ ಲೋಪ ಅನ್ಯರಲ್ಲಿ ಮಾತ್ರ ಇದೆಯೆಂದು ತಿಳಿಯಬೇಕಾಗಿಲ್ಲ. ದಾಸೋಹದ ದಿನ ಗಣ್ಯರಿಗೆಂದು ಬೇರೆ ಕೋಣೆ ತೆರೆದುದನ್ನು ನಾವೂ ಕಂಡವರೇ.

ಮಂಗಳೂರಿನಲ್ಲಿ ಹೋಟೆಲ್ ಕೆಲಸಗಾರರನ್ನು ಸಂಘಟಿಸಿ, ಅನಂತರ ಮುಂಬಯಿ ಸೇರಿದ ತರುಣನಿಗೆ ಚೌಪಾಟಿಯ ಬೆಂಚುಗಳೇ ಹಾಸಿಗೆಯಾದವು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ದೊರೆಯಿತು. ಬಂದರು ಕಾರ್ಮಿಕರ ಮುಖಂಡ ಪ್ಲಾಸಿಡ್ ಡಿ'ಮೆಲ್ಲೊ ಅವರು ಗುರುವಾಗಿ ದೊರೆತರು. ಟ್ಯಾಕ್ಸಿ ಚಾಲಕರಿಗೆ ಸಾಲ ಕೊಡುವವರಿಲ್ಲದಿದ್ದಾಗ 1968ರಲ್ಲಿ ಕಾರ್ಮಿಕರದೇ ಸಹಕಾರಿ ಬ್ಯಾಂಕನ್ನು ಕಟ್ಟಿದರು. 1905ರಲ್ಲಿಯೇ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಂಡ ನಾಡಿನವರಾದ ನಮಗೆ ಇದರ ಬೆಲೆ ತಿಳಿಯದುದಲ್ಲ. ಮುಷ್ಕರಕ್ಕಿಂತ ಈ ಕೆಲಸವೇ ದೊಡ್ಡದೆಂದು ನಮ್ಮ ಎಣಿಕೆ. ಅದರ ಹಿಂದಿನ ವರ್ಷವೇ ಅವರು ಮುಂಬಯಿಯ ಪ್ರಬಲ ಮುಖಂಡ ಎಸ್. ಕೆ. ಪಾಟೀಲರನ್ನು ಚುನಾವಣೆಯಲ್ಲಿ ಸೋಲಿಸಿದ್ದರು.

1974ರ ಮೇ ತಿಂಗಳಲ್ಲಿ ನಾವು ಮಠದ ವಿದ್ಯಾರ್ಥಿಗಳು. ಜಗಳೂರಿನಿಂದ ಬಸ್ಸು ಹಿಡಿದು ದಾವಣಗೆರೆಗೆ ಬಂದರೆ ರೈಲು ನಿಲ್ದಾಣ ಬಿಕೋ ಎನ್ನುತ್ತಿತ್ತು. ಗಂಟುಮೂಟೆಗಳೊಡನೆ ಕುಳಿತ ಜನರ ಶಾಪವೆಲ್ಲ ಮುಷ್ಕರ ಹೂಡಿದವರ ಮೇಲೆಯೇ. ಎಂಜಿನ್ ಚಾಲಕರಿಗೆ ಎಂಟು ಗಂಟೆಯ ದುಡಿಮೆ, ಬೋನಸ್ಸು, ವೇತನ ಪರಿಷ್ಕರಣೆ ಇವೇ ಅವರ ಬೇಡಿಕೆಗಳೆಂಬುದು ನಮಗೆ ತಿಳಿದುದು ಎಷ್ಟೋ ವರ್ಷಗಳ ಮೇಲೆ. ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿದ್ದ ಜಾರ್ಜ್ ಅವರನ್ನು ಮುಷ್ಕರಕ್ಕೆ ಮೊದಲೇ ಬಂಧಿಸಲಾಯಿತು. ಮೇ 8ರಂದು ಆರಂಭವಾದ ಮುಷ್ಕರ, ಸಾವಿರಾರು ಬಂಧನಗಳ ನಡುವೆ, ಮೇ 27ರಂದು ಏನನ್ನೂ ಪಡೆಯದೆ ಮುಗಿಯಿತು. ಎಷ್ಟೋ ನೌಕರರ ಹೆಂಡಿರು ಮಕ್ಕಳನ್ನು ರೈಲ್ವೆ ವಸತಿಗೃಹಗಳಿಂದ ಹೊರಹಾಕಲಾಯಿತು. ಕೇಳಿದ ಬೋನಸ್ಸು ಬಂದುದು 1979ರಲ್ಲಿ.

ತುರ್ತುಪರಿಸ್ಥಿತಿಯಲ್ಲಿ ಅವರು ಸಿಡಿಮದ್ದಿನ ದಾರಿ ಹಿಡಿದರೆಂಬುದು ಬರೋಡಾ ಮೊಕದ್ದಮೆಯ ಆರೋಪ. ಆ ದಾರಿಯನ್ನು ನಾವು ಒಪ್ಪಲಾರೆವು. ಅದರ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ತಮ್ಮ ಲಾರೆನ್ಸ್ ಬೆಂಗಳೂರಿನಲ್ಲಿ ಪೊಲೀಸರಿಂದ ಚಿತ್ರಹಿಂಸೆಗೊಳಗಾದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಸೆರೆಮನೆಯಲ್ಲಿ ಉಬ್ಬಸದಿಂದ ಬಳಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಜಾರ್ಜ್ ಸೆರೆಯಲ್ಲಿದ್ದುಕೊಂಡೇ ಬಿಹಾರದ ಮುಜಫರಪುರದಿಂದ ಲೋಕಸಭೆಗೆ ಆಯ್ಕೆಯಾದರು.

ಮುಂದೆ ರೈಲ್ವೆ ಸಚಿವರಾಗಿ ಕೊಂಕಣ ರೈಲಿಗೆ ಚಾಲನೆಯಿತ್ತರು. ಪಕ್ಷಗಳನ್ನು ಬದಲಿಸಿದರು, ಹಳೆಯ ಸಂಗಾತಿಗಳ ನಿಷ್ಠುರಕ್ಕೆ ಗುರಿಯಾದರು; ಆ ನಿಷ್ಠುರ ಅಕಾರಣವಲ್ಲ. ದೀರ್ಘಕಾಲದ ಮರೆವಿನ ಕಾಯಿಲೆಯ ಬಳಿಕ 2019ರ ಜನವರಿ 29ರಂದು ನಿಧನರಾದರು. ರಕ್ಷಣಾ ಸಚಿವರಾಗಿದ್ದಾಗಲೂ ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದರು. ಆ ಕಾಲದಲ್ಲಿಯೇ, ಸಿಯಾಚಿನ್ ಸೈನಿಕರಿಗೆ ಬೇಕಾದ ಹಿಮವಾಹನಗಳ ಖರೀದಿಯನ್ನು ಕಡತದಲ್ಲಿ ತಡೆಹಿಡಿದಿದ್ದ ದೆಹಲಿಯ ಅಧಿಕಾರಿಗಳನ್ನು, ಅಲ್ಲಿನ ಚಳಿಯೇನೆಂದು ಕಂಡು ಬರಲು, ಅದೇ ಹಿಮದ ನೆತ್ತಿಗೆ ಕಳುಹಿಸಿದರು.