ಮಕ್ಕಳಿಗೆ ನಮ್ಮ ಚರಿತ್ರೆ ಹೇಳುವವರು ಯಾರು?

(ಮಾತೆ ಮರಿಯಮ್ಮನವರ ಜನನೋತ್ಸವ – ಸೆಪ್ಟೆಂಬರ್ 8)



ಸೆಪ್ಟೆಂಬರ್ 8ರಂದು ನಾವೆಲ್ಲರೂ ಮಾತೆ ಮರಿಯಮ್ಮನವರ ಹುಟ್ಟುಹಬ್ಬವನ್ನು ಸಂಭ್ರಮದಿಂದ ಆಚರಿಸುತ್ತೇವೆ. ಒಂಬತ್ತು ದಿನಗಳ ನೊವೇನ, ಬಾಲಮರಿಯಮ್ಮನ ಪಾದಕ್ಕೆ ಮಕ್ಕಳು ಅರ್ಪಿಸುವ ಹೂಗಳು, ಕರಾವಳಿಯಲ್ಲಿ ಹೊಸ ತೆನೆಯ ಆಶೀರ್ವಾದ, ಬೆಂಗಳೂರಿನ ಶಿವಾಜಿನಗರದಲ್ಲಿ ತೇರಿನ ಮೆರವಣಿಗೆ – ಇವೆಲ್ಲ ನಮಗೆ ಪ್ರಿಯವಾದವು. ಆದರೆ ಅಂದಿನ ಬಲಿಪೂಜೆಯ ಶುಭಸಂದೇಶ ಮಾತ್ರ ಬಹಳ ಮಂದಿಗೆ ಬೇಸರ ತರಿಸುತ್ತದೆ. ಸಂತ ಮತ್ತಾಯರ ಮೊದಲನೆಯ ಅಧ್ಯಾಯದ ವಂಶಾವಳಿ ಅದು. ಅಬ್ರಹಾಮನಿಂದ ಹಿಡಿದು ಒಂದರ ಹಿಂದೆ ಒಂದು ಹೆಸರು. ಓದುವವರ ನಾಲಿಗೆ ತೊಡರುತ್ತದೆ, ಮಕ್ಕಳು ಆಕಳಿಸುತ್ತಾರೆ, ದೊಡ್ಡವರು ಗಡಿಯಾರ ನೋಡುತ್ತಾರೆ.

ಮರಿಯಮ್ಮನವರ ಜನನದ ವೃತ್ತಾಂತವನ್ನು ಶುಭಸಂದೇಶಗಳು ಹೇಳುವುದಿಲ್ಲ. ಅವರ ತಂದೆತಾಯಿ ಜೋಕಿಮ್ ಮತ್ತು ಅನ್ನಮ್ಮ ಎಂಬ ಹೆಸರುಗಳೂ ನಮಗೆ ಬಂದಿರುವುದು ಸಂಪ್ರದಾಯದಿಂದಲೇ. ಆದುದರಿಂದ ಧರ್ಮಸಭೆ ಆ ದಿನ ಯೇಸುಸ್ವಾಮಿಯ ಮನೆತನದ ಚರಿತ್ರೆಯನ್ನೇ ನಮ್ಮ ಮುಂದಿಡುತ್ತದೆ. ದೇವರು ಆಕಾಶದಿಂದ ಏಕಾಏಕಿ ಇಳಿದು ಬರಲಿಲ್ಲ. ಒಂದು ಕುಟುಂಬದ ಮೂಲಕ, ಹೆಸರುಳ್ಳ ಜನರ ಮೂಲಕ ಬಂದರು ಎಂಬುದೇ ಇದರ ತಾತ್ಪರ್ಯ.

ಖಾಲಿ ಉಳಿದ ಚೌಕ

ಕಳೆದ ವರ್ಷ ಇದೇ ಹಬ್ಬದ ಸಂಜೆ ನಾವು ಮಕ್ಕಳನ್ನು ಕೂರಿಸಿಕೊಂಡು ದೊಡ್ಡದೊಂದು ಚಾರ್ಟ್ ಹಾಳೆಯ ಮೇಲೆ ನಮ್ಮದೇ ವಂಶವೃಕ್ಷ ಬರೆಯಲು ಹೊರಟೆವು. ಮಕ್ಕಳ ಹೆಸರು, ನಮ್ಮ ಹೆಸರು, ತಾತ ಅಜ್ಜಿಯರ ಹೆಸರು ಸರಾಗವಾಗಿ ಬಂದವು. ಮುತ್ತಾತನ ಹೆಸರೂ ನೆನಪಾಯಿತು. ಮುತ್ತಜ್ಜಿಯ ಚೌಕಕ್ಕೆ ಬಂದಾಗ ಪೆನ್ಸಿಲ್ ನಿಂತುಹೋಯಿತು. ಆಕೆಯ ಹೆಸರೇನು, ಯಾವ ಊರಿನ ಹೆಣ್ಣುಮಗಳು ಎಂದು ಬಲ್ಲವರು ನಮ್ಮ ತಾಯಿಯೊಬ್ಬರೇ. ಅವರು ದೈವಾಧೀನರಾಗಿ ಎರಡು ವರ್ಷವಾಗಿತ್ತು. ಅವರು ಹಳೆಯ ಕಥೆ ಶುರುಮಾಡಿದಾಗಲೆಲ್ಲ “ಆಮೇಲೆ ಹೇಳಮ್ಮ” ಎಂದು ಎದ್ದುಹೋದವರು ನಾವೇ.

“ಮತ್ತಾಯರು ಅಷ್ಟೊಂದು ತಲೆಮಾರು ಬರೆದಿದ್ದಾರೆ, ನಮಗೆ ನಾಲ್ಕನೆಯದೇ ಗೊತ್ತಿಲ್ವಾ?” ಎಂದಳು ಮಗಳು. ಉತ್ತರವಿರಲಿಲ್ಲ. ಚರಿತ್ರೆಯನ್ನು ಶಾಲೆಯವರು ಕಲಿಸುತ್ತಾರೆ, ಧರ್ಮೋಪದೇಶವನ್ನು ಸಿಸ್ಟರ್ ಕಲಿಸುತ್ತಾರೆ ಎಂದು ನಾವು ನಿಶ್ಚಿಂತರಾಗಿದ್ದೆವು. ಆದರೆ ನಮ್ಮ ಮುತ್ತಜ್ಜಿಯ ಹೆಸರು ಯಾವ ಪಠ್ಯಪುಸ್ತಕದಲ್ಲಿದೆ?

ಪವಿತ್ರ ಬೈಬಲ್ಲು ತೋರುವ ದಾರಿ

ಇಸ್ರಯೇಲರು ಚರಿತ್ರೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಲಿಲ್ಲ. ಕೈಗೆ ಕೊಟ್ಟರು, ನಾಲಿಗೆಗೆ ಕೊಟ್ಟರು. ಪಾಸ್ಕ ಊಟದಲ್ಲಿ ಹುಳಿಯಿಲ್ಲದ ರೊಟ್ಟಿ, ಕಹಿಸೊಪ್ಪು. ಇದೇಕೆ ಹೀಗೆ ಎಂದು ಮಕ್ಕಳು ಕೇಳುವರು, ಆಗ ಈಜಿಪ್ಟಿನ ಬಿಡುಗಡೆಯ ಕಥೆ ಹೇಳಬೇಕು ಎಂದು ವಿಮೋಚನಾಕಾಂಡ ತಂದೆತಾಯಂದಿರಿಗೆ ವಿಧಿಸುತ್ತದೆ. ಜೋರ್ಡನ್ ನದಿ ದಾಟಿದಾಗ ಯೆಹೋಶುವನು ನದಿಯ ನಡುವಿನಿಂದ 12 ಕಲ್ಲುಗಳನ್ನು ತರಿಸಿ ನಿಲ್ಲಿಸಿದ್ದೂ ಮುಂದಿನ ಮಕ್ಕಳು ನೋಡಿ ಪ್ರಶ್ನೆ ಕೇಳಲೆಂದೇ. ಯೇಸುಸ್ವಾಮಿಗೆ 12 ವರ್ಷವಾದಾಗ ಜೋಸೆಫರೂ ಮರಿಯಮ್ಮನವರೂ ಪಾಸ್ಕಹಬ್ಬಕ್ಕೆ ಜೆರುಸಲೇಮಿಗೆ ಕರೆದುಕೊಂಡು ಹೋದರು. ಮನೆಮಂದಿಯೆಲ್ಲ ಕೂಡಿ ಹೊರಟ ಪ್ರವಾಸವೇ ಅಲ್ಲವೇ ಅದು? ಮಗು ಕಣ್ಣಾರೆ ಕಾಣಬೇಕು, ಕೈಯಾರೆ ಮುಟ್ಟಬೇಕು, ಪ್ರಶ್ನೆ ಕೇಳಬೇಕು. ಆಗ ಉತ್ತರಿಸಲು ಮನೆಯಲ್ಲಿ ಒಬ್ಬರಿರಬೇಕು.

ಮನೆಯಲ್ಲೇ ಮಾಡಬಹುದಾದ್ದು

ಮೊದಲನೆಯದಾಗಿ ವಂಶವೃಕ್ಷ. ಹೆಸರಿನ ಜೊತೆಗೆ ಹುಟ್ಟಿದ ಊರು, ಮಾಡಿದ ಕೆಲಸ, ಜ್ಞಾನಸ್ನಾನ ಪಡೆದ ಚರ್ಚು ಇವನ್ನೂ ಬರೆಸಿರಿ. ಹಿರಿಯರು ಇನ್ನೂ ನಮ್ಮೊಡನಿದ್ದರೆ ಪ್ರಶ್ನೆಗಳನ್ನು ಮಕ್ಕಳೇ ಕೇಳಲಿ. ನಾವು ಕೇಳಿದರೆ ಎರಡು ಮಾತಾಡುವ ಅಜ್ಜಿ ಮೊಮ್ಮಗು ಕೇಳಿದರೆ ಎರಡು ಗಂಟೆ ಮಾತಾಡುತ್ತಾರೆ.

ಎರಡನೆಯದಾಗಿ ಅಜ್ಜಿಯ ಟ್ರಂಕು. ಅದರೊಳಗಿನ ಸವೆದ ಜಪಸರ, ಮದುವೆಯ ಫೋಟೋ, ಹಳೆಯ ಪ್ರಾರ್ಥನಾ ಪುಸ್ತಕ, ಒಂದೆರಡು ಆಣೆ ನಾಣ್ಯ – ಒಂದೊಂದನ್ನೂ ಮಗುವಿನ ಕೈಗೆ ಕೊಡಿರಿ. ನಾಣ್ಯದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. 16 ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕ 1957ರಲ್ಲಿ ಬದಲಾಗಿ 100 ಪೈಸೆಯ ಲೆಕ್ಕ ಬಂತೆಂದು ಆಗ ಹೇಳಿದರೆ ಮಗು ಮರೆಯುವುದಿಲ್ಲ.

ಮೂರನೆಯದಾಗಿ ಕಾಲದ ಹಗ್ಗ. ಹತ್ತು ವರ್ಷಕ್ಕೆ ಒಂದು ಗೇಣಿನಂತೆ ಹಗ್ಗವನ್ನು ಅಳೆದು ಗೋಡೆಗೆ ಕಟ್ಟಿರಿ. ಮಗು ಹುಟ್ಟಿದ ವರ್ಷ, ನಮ್ಮ ಮದುವೆ, ತಾತ ಹುಟ್ಟಿದ್ದು, ದೇಶಕ್ಕೆ ಸ್ವಾತಂತ್ರ್ಯ ಬಂದ 1947, ನಮ್ಮ ಚರ್ಚು ಕಟ್ಟಿದ ವರ್ಷ – ಚೀಟಿ ಬರೆದು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿರಿ. ‘ಬಹಳ ಹಿಂದೆ’ ಎಂದರೆ ಎಷ್ಟು ಹಿಂದೆ ಎಂದು ಮಗುವಿನ ಕಣ್ಣಿಗೆ ಕಾಣುತ್ತದೆ.

ಧರ್ಮಕೇಂದ್ರದ ಅಂಗಳದಲ್ಲಿ

ಭಾನುವಾರದ ಪೂಜೆಯ ನಂತರ ಅರ್ಧ ಗಂಟೆ ಉಳಿದರೆ ಸಾಕು. ಚರ್ಚಿನ ಅಡಿಗಲ್ಲಿನ ಮೇಲೇನಿದೆ? ಗಂಟೆಯ ಮೇಲೆ ಯಾವ ವರ್ಷ ಕೆತ್ತಿದೆ? ಸಮಾಧಿಭೂಮಿಯಲ್ಲಿ ಅತಿ ಹಳೆಯ ಕಲ್ಲು ಯಾವುದು? ಮಕ್ಕಳೇ ಹುಡುಕಿ ಬರೆದುಕೊಳ್ಳಲಿ. ಎಳೆಯ ವಯಸ್ಸಿನಲ್ಲೇ ತೀರಿಹೋದ ಮಕ್ಕಳ ಸಮಾಧಿಗಳು ಕಂಡಾಗ ಅವರು ಏಕೆಂದು ಕೇಳುತ್ತಾರೆ. ಲಸಿಕೆ, ವೈದ್ಯರು ಇಲ್ಲದ ಕಾಲದ ಕಷ್ಟವನ್ನು ಹೇಳಿ, ಆ ಪುಟ್ಟ ಆತ್ಮಗಳನ್ನು ನೆನೆದು ಪ್ರಾರ್ಥಿಸಿರಿ.

ಗುರುಗಳ ಅನುಮತಿ ಪಡೆದು ಜ್ಞಾನಸ್ನಾನದ ರಿಜಿಸ್ಟರನ್ನೂ ತೋರಿಸಬಹುದು. ಇಂಥ ದಾಖಲೆ ಇಡಬೇಕೆಂದು ಧರ್ಮಸಭೆ 1563ರಲ್ಲಿ, ಟ್ರೆಂಟ್ ಮಹಾಸಭೆಯ ಕಾಲದಲ್ಲೇ ವಿಧಿಸಿತು. ನಮ್ಮ ಖಾಲಿ ಚೌಕಕ್ಕೆ ಉತ್ತರ ಸಿಕ್ಕಿದ್ದೂ ಅಲ್ಲಿಯೇ. ಪೂರ್ವಿಕರ ಊರಿನ ಚರ್ಚಿನಲ್ಲಿ ಗುರುಗಳು ತಾಳ್ಮೆಯಿಂದ ಪುಟ ತಿರುವಿದರು. ತಾತನ ಜ್ಞಾನಸ್ನಾನದ ಸಾಲಿನಲ್ಲಿ, ಲತೀನಿನಲ್ಲಿ ಬರೆದ ಬರಹದ ನಡುವೆ, ತಾಯಿಯ ಹೆಸರಿತ್ತು. ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಆಕೆಯ ತವರೂರು ಮಾತ್ರ ಇಂದಿಗೂ ತಿಳಿದಿಲ್ಲ. ನಮ್ಮ ತಾಯಿಯೊಡನೆ ಅದು ಹೋಯಿತು.

ದಸರಾ, ಬೇಸಿಗೆ ರಜೆಗಳಲ್ಲಿ

ಮೈಸೂರಿಗೆ ಹೋದರೆ ಅರಮನೆ, ಮೃಗಾಲಯಗಳ ಜೊತೆಗೆ ಸಂತ ಫಿಲೋಮಿನ ಮಹಾದೇವಾಲಯಕ್ಕೂ ಸಮಯ ಕೊಡಿರಿ. ಈಗಿನ ಕಟ್ಟಡಕ್ಕೆ 1933ರಲ್ಲಿ ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಹಿಂದೂ ಅರಸರೊಬ್ಬರು ನಮ್ಮ ದೇವಾಲಯಕ್ಕೆ ಕಲ್ಲಿಟ್ಟದ್ದನ್ನು ಮಕ್ಕಳು ತಿಳಿಯಬೇಕು. ಅವಳಿ ಗೋಪುರಗಳ ಎತ್ತರ 175 ಅಡಿ. ಮೂರಡಿ ಕೋಲನ್ನು ಬಿಸಿಲಿನಲ್ಲಿ ನೆಟ್ಟು ಅದರ ನೆರಳನ್ನೂ ಗೋಪುರದ ನೆರಳನ್ನೂ ಒಂದೇ ಹೊತ್ತಿನಲ್ಲಿ ಅಳೆದರೆ ಮಕ್ಕಳೇ ಸುಮಾರು ಲೆಕ್ಕ ಹಾಕಬಲ್ಲರು.

ಹಾಸನದ ಬಳಿ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದರು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಅದು ಹಿನ್ನೀರಿಗೆ ಸೇರಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಜನ ಅಲ್ಲಿ ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ. ಮಕ್ಕಳಿಗೆ ಅಷ್ಟೇ ಸಾಲದು. ಇಲ್ಲಿ ಮದುವೆಯಾದವರು, ತಮ್ಮವರನ್ನು ಮಣ್ಣು ಮಾಡಿದವರು ಊರು ಬಿಟ್ಟು ಹೊರಟಾಗ ಏನನಿಸಿರಬೇಕು ಎಂದು ಕೇಳಿರಿ. ಗೋಡೆಗಳು ಶಿಥಿಲವಾಗಿವೆ, ದೂರದಿಂದಲೇ ನೋಡಿರಿ.

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಗೋಡೆ, ಚಾವಣಿಗಳೇ ಪುಸ್ತಕ. ಇಟಲಿಯ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಲ್ಲಿ ಬಂದು ಸುಮಾರು ಎರಡು ವರ್ಷಗಳಲ್ಲಿ ಅವನ್ನು ಚಿತ್ರಿಸಿದರು. ಒಬ್ಬೊಬ್ಬ ಮಗು ಒಂದೊಂದು ಚಿತ್ರ ಆರಿಸಿಕೊಂಡು ಮನೆಗೆ ಬಂದು ಅದರ ಕಥೆ ಹೇಳಲಿ.

ಕಹಿ ಪುಟಗಳನ್ನು ಹೇಗೆ ಹೇಳುವುದು?

ಶ್ರೀರಂಗಪಟ್ಟಣದಲ್ಲಿ ಈ ಪ್ರಶ್ನೆ ಎದುರಾಗುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕಥೋಲಿಕರನ್ನು ಸೆರೆಹಿಡಿಸಿ ಇಲ್ಲಿಗೆ ತಂದನು. ಚರ್ಚುಗಳು ನೆಲಸಮವಾದವು, ದಾರಿಯಲ್ಲೂ ಸೆರೆಯಲ್ಲೂ ಅನೇಕರು ಮಡಿದರು. ಉಳಿದವರಿಗೆ 1799ರಲ್ಲಿ ಬಿಡುಗಡೆಯಾಯಿತು. ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಹೇಳುವಾಗ ನಮ್ಮ ದನಿಯನ್ನು ಮಗು ಗಮನಿಸುತ್ತಿರುತ್ತದೆ. ನಮ್ಮವರ ಕಣ್ಣೀರನ್ನು ನೆನೆಯುವುದು ಬೇರೆ, ಪಕ್ಕದ ಬೆಂಚಿನ ಮುಸ್ಲಿಂ ಗೆಳೆಯನನ್ನು ಹೊಣೆ ಮಾಡುವುದು ಬೇರೆ. ಅದೇ ಟಿಪ್ಪು 1791ರಲ್ಲಿ ಲೂಟಿಗೊಳಗಾದ ಶೃಂಗೇರಿ ಮಠಕ್ಕೆ ನೆರವಾದನೆಂಬುದನ್ನೂ ಹೇಳಿರಿ. ಪಕ್ಕದ ಗಂಜಾಮಿನ ಚರ್ಚಿಗೂ ಕರೆದೊಯ್ಯಿರಿ. 1799ರ ನಂತರ ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಿದ ಅಬ್ಬೆ ದುಬಾಯ್ ಸ್ವಾಮಿಗಳು ಜಾತಿಮತ ನೋಡದೆ ಜನರಿಗೆ ಸಿಡುಬಿನ ಲಸಿಕೆ ಹಾಕಿಸಲು ದುಡಿದವರು.

ಇನ್ನು ನಮ್ಮವರ ತಪ್ಪುಗಳು? ಕರಾವಳಿಯ ಕೊಂಕಣಿ ಕಥೋಲಿಕರ ಪೂರ್ವಿಕರಲ್ಲಿ ಹಲವರು ಗೋವಾ ಬಿಟ್ಟುಬರಲು 1560ರಲ್ಲಿ ಅಲ್ಲಿ ಆರಂಭವಾದ ಇನ್‌ಕ್ವಿಸಿಷನ್ ಕೂಡ ಒಂದು ಕಾರಣ. ಸಂತ ದ್ವಿತೀಯ ಜಾನ್ ಪೌಲರು 2000ದ ಮಾರ್ಚ್ 12ರಂದು ಧರ್ಮಸಭೆಯ ಮಕ್ಕಳು ಮಾಡಿದ ತಪ್ಪುಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಪೋಪರೇ ಮರೆಮಾಚದ್ದನ್ನು ನಾವು ಮಕ್ಕಳಿಂದ ಮರೆಮಾಚುವುದೇಕೆ?

ಮತ್ತಾಯರ ವಂಶಾವಳಿಯನ್ನೇ ಮತ್ತೆ ನೋಡಿರಿ. ಅವರು ತಾಮಾರಳನ್ನು ಬಿಡಲಿಲ್ಲ, ಜೆರಿಕೋವಿನ ರಾಹಾಬಳನ್ನು ಬಿಡಲಿಲ್ಲ, ಅನ್ಯನಾಡಿನ ರೂತಳನ್ನು ಬಿಡಲಿಲ್ಲ. ದಾವೀದರಸನ ಪಾಪವನ್ನು ನೆನಪಿಸುವಂತೆ ‘ಊರೀಯನ ಹೆಂಡತಿ’ ಎಂದೇ ಬರೆದರು. ಇಂಥ ಸತ್ಯವಾದ ಚರಿತ್ರೆಯ ಕೊನೆಯಲ್ಲಿ ನಿಂತಿರುವವರು ಮರಿಯಮ್ಮ, ಅವರ ಮಡಿಲಲ್ಲಿ ಯೇಸು.

ಪ್ರಿಯರೇ, ಈ ಹಬ್ಬದಂದು ಪಾಯಸದ ಊಟವಾದ ಮೇಲೆ ಟಿ.ವಿ. ಹಾಕುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳೋಣ. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಅವರನ್ನು ನಡುವೆ ಕೂರಿಸೋಣ. “ಆಮೇಲೆ” ಎನ್ನುವುದು ಬೇಡ. ತನ್ನ ಮಗನ ಬಾಲ್ಯದ ಘಟನೆಗಳನ್ನೆಲ್ಲ ಹೃದಯದಲ್ಲಿಟ್ಟು ಮನನ ಮಾಡಿದ ಮಾತೆ ಮರಿಯಮ್ಮ ನಮ್ಮ ಮನೆಮನೆಯ ನೆನಪುಗಳನ್ನೂ ಕಾಪಾಡಲಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.