ಅಪ್ಪ-ಅಮ್ಮ ಇಂಗ್ಲೆಂಡಿಗೆ ಹೊರಡುವ ಮುನ್ನ

ಅಪ್ಪ-ಅಮ್ಮ ಮೊದಲ ಸಲ ಲೀಡ್ಸ್‌ಗೆ ಬಂದಾಗ ಅವರ ಸೂಟ್‌ಕೇಸಿನಲ್ಲಿ ಎಲ್ಲವೂ ಇತ್ತು. ಶೇಂಗಾ ಚಟ್ನಿಪುಡಿ, ಸಾರಿನ ಪುಡಿ, ಮೊಮ್ಮಗಳಿಗೆ ಕೋಡುಬಳೆ, ನನಗೆ ಎರಡು ಬನಿಯನ್. ಇಲ್ಲದಿದ್ದದ್ದು ಒಂದೇ: ವಿಮೆಯ ಅರ್ಜಿಯಲ್ಲಿ ಒಂದು ‘ಹೌದು’.

ಆ ಅರ್ಜಿ ತುಂಬಿದವನು ನಾನೇ. ‘ಮೊದಲೇ ಇರುವ ಕಾಯಿಲೆ ಏನಾದರೂ ಇದೆಯೇ?’ ಎಂಬ ಪ್ರಶ್ನೆ ಬಂದಾಗ ಅಪ್ಪನಿಗೆ ಫೋನ್ ಮಾಡಿದೆ. ‘ದಿನಾ ಒಂದು ಬಿ.ಪಿ. ಮಾತ್ರೆ ತಗೊಳ್ತೀನಿ, ಅದೇನು ಕಾಯಿಲೆನಾ?’ ಅಂದರು. ನಾನು ‘ಇಲ್ಲ’ ಎಂದು ಗುರುತು ಹಾಕಿದೆ. ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುವವನು ಮಾಡಿದ ಕೆಲಸ ಇದು!

ಐದನೇ ವಾರ, ನಡುರಾತ್ರಿ ಅಪ್ಪನಿಗೆ ಎದೆನೋವು. 999ಕ್ಕೆ ಕರೆ, ಆಂಬುಲೆನ್ಸ್, ಮೂರು ರಾತ್ರಿ ಆಸ್ಪತ್ರೆ. ದೇವರ ದಯೆ, ಅಪ್ಪ ಹುಷಾರಾಗಿ ಮನೆಗೆ ಬಂದರು. ಬಿಲ್ ನಾಲ್ಕು ಸಾವಿರ ಪೌಂಡ್ ದಾಟಿತ್ತು. ಬಿ.ಪಿ. ವಿಷಯ ಮುಚ್ಚಿಟ್ಟಿದ್ದೀರಿ ಎಂದು ವಿಮಾ ಕಂಪನಿ ಕೈಯೆತ್ತಿತು. ಅವರದೇನೂ ತಪ್ಪಿಲ್ಲ, ತಪ್ಪು ನನ್ನದು. ಒಂದೂವರೆ ವರ್ಷ ಕಂತು ಕಟ್ಟಿದೆ. ಹೇಗೋ ವಿಷಯ ತಿಳಿದ ಅಪ್ಪ, ‘ಇನ್ನು ನಿನಗೆ ಹೊರೆಯಾಗಿ ಅಲ್ಲಿಗೆ ಬರಲ್ಲ’ ಎಂದುಬಿಟ್ಟರು. ಬಿಲ್ಲಿಗಿಂತ ನೋವಾಗಿದ್ದು ಆ ಮಾತು.

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಕಡೆ ಮಕ್ಕಳನ್ನು ನೋಡಲು ಹೊರಟಿರುವ ಹಿರಿಯರಿಗೂ, ಅವರನ್ನು ಕರೆಸಿಕೊಳ್ಳುವ ಮಕ್ಕಳಿಗೂ ನಾನು ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಆಸ್ಪತ್ರೆ ಎಲ್ಲರಿಗೂ ಉಚಿತವಲ್ಲ

‘ಇಂಗ್ಲೆಂಡಿನಲ್ಲಿ ಆಸ್ಪತ್ರೆಗೆ ದುಡ್ಡು ಕೊಡಬೇಕಿಲ್ಲ’ ಎಂಬ ಮಾತು ನಮ್ಮೂರ ಕಟ್ಟೆಯ ಮೇಲೂ ಕೇಳಿಬರುತ್ತದೆ. ಕೆಲಸದ ವೀಸಾದಲ್ಲಿರುವ ನಾವು ಅದಕ್ಕಾಗಿ ಮೊದಲೇ ಆರೋಗ್ಯ ಶುಲ್ಕ ಕಟ್ಟಿರುತ್ತೇವೆ. 2024ರ ಫೆಬ್ರುವರಿಯಿಂದ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್. ಪ್ರವಾಸಿ ವೀಸಾದವರು ಇದನ್ನು ಕಟ್ಟುವುದಿಲ್ಲ, ಹಾಗಾಗಿ ಆ ಸೌಲಭ್ಯವೂ ಅವರಿಗಿಲ್ಲ.

ಬಡಾವಣೆಯ ವೈದ್ಯರು, ಅಂದರೆ ಜಿ.ಪಿ., ನೋಡಿದರೆ ಶುಲ್ಕವಿಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೊಡುವ ಚಿಕಿತ್ಸೆಗೂ ಶುಲ್ಕವಿಲ್ಲ. ಅಲ್ಲಿಂದ ವಾರ್ಡಿಗೆ ದಾಖಲು ಮಾಡಿಕೊಂಡ ಕ್ಷಣದಿಂದ ಮೀಟರ್ ಓಡಲು ಶುರು. ಇಂಗ್ಲೆಂಡಿನಲ್ಲಿ ಪ್ರವಾಸಿಗರಿಗೆ ಹಾಕುವ ದರ ಎನ್‌ಎಚ್‌ಎಸ್‌ನ ಸಾಮಾನ್ಯ ದರದ ಶೇ 150. ನೂರು ಪೌಂಡಿನ ಚಿಕಿತ್ಸೆಗೆ ನೂರೈವತ್ತು. 500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಉಳಿಸಿಕೊಂಡರೆ ಮುಂದಿನ ವೀಸಾ ತಿರಸ್ಕೃತವಾಗಬಹುದು.

ಈ ವೀಸಾಕ್ಕೆ ವಿಮೆ ಕಡ್ಡಾಯವಲ್ಲ. ಅದಕ್ಕೇ ಬಹಳ ಮಂದಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಊರು ಬಿಡುವ ಮೊದಲೇ ಮಾಡಿಸಿ. ಬಿ.ಪಿ., ಸಕ್ಕರೆ, ಥೈರಾಯ್ಡ್, ಹಿಂದೆ ಹಾಕಿಸಿದ ಸ್ಟೆಂಟ್ ಯಾವುದನ್ನೂ ಮುಚ್ಚಿಡಬೇಡಿ. ಕಂತು ಸ್ವಲ್ಪ ಹೆಚ್ಚಾಗಬಹುದು, ಆಗಲಿ. ಹಳೆಯ ಕಾಯಿಲೆಗೆ ಎಷ್ಟು ಮೊತ್ತದವರೆಗೆ, ಯಾವ ಸಂದರ್ಭದಲ್ಲಿ ಹಣ ಸಿಗುತ್ತದೆ ಎಂಬ ಸಾಲನ್ನು ಹುಡುಕಿ ಓದಿ. ದೊಡ್ಡ ಅಕ್ಷರದ ಮೊತ್ತ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ಮಾತ್ರೆಯ ಚೀಲ ಕೈಯಲ್ಲಿರಲಿ

ಉಳಿಯುವ ಅಷ್ಟೂ ದಿನಕ್ಕೆ ಬೇಕಾದ ಮಾತ್ರೆ ತನ್ನಿ, ಮೇಲೆ ಎರಡು ವಾರದ್ದು ಹೆಚ್ಚಿಗೆ ಇರಲಿ. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ, ನಮ್ಮ ಬ್ರ್ಯಾಂಡುಗಳು ಇಲ್ಲಿನವರಿಗೆ ತಿಳಿಯುವುದಿಲ್ಲ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಇಲ್ಲಿ ನಿಯಂತ್ರಿತ ಔಷಧ, ಅದಕ್ಕೆ ವೈದ್ಯರ ಪತ್ರ ಬೇಕೇಬೇಕು. ಊರಿನಲ್ಲಿ ಕೊಂಡಂತೆ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳಲಾಗದು. ಜೀವಕ್ಕೆ ಅಪಾಯವೆನಿಸಿದರೆ 999, ತುರ್ತಲ್ಲದ ಆರೋಗ್ಯ ಸಲಹೆಗೆ 111. ಈ ಎರಡು ಸಂಖ್ಯೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಡಿ.

ವೀಸಾ ಮತ್ತು ಗಡಿಯ ಪ್ರಶ್ನೆ

ಪ್ರಯಾಣಕ್ಕೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಎರಡು, ಐದು, ಹತ್ತು ವರ್ಷದ ವೀಸಾ ಸಿಕ್ಕರೂ ಒಂದು ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಅರ್ಜಿಗೆ ಮೊದಲು ಅಪ್ಪನ ಖಾತೆಗೆ ದಿಢೀರನೆ ಐದು ಲಕ್ಷ ಹಾಕುವವರಿದ್ದಾರೆ. ಅದು ಸಂಶಯ ಹುಟ್ಟಿಸುತ್ತದೆ. ಖರ್ಚು ಮಕ್ಕಳದ್ದಾದರೆ ಹಾಗೆಂದೇ ಪತ್ರ ಬರೆದು, ಸಂಬಳದ ಚೀಟಿ ಲಗತ್ತಿಸಿ. ಪಿಂಚಣಿ, ಜಮೀನು, ಮನೆಯ ದಾಖಲೆಗಳು ನೀವು ಊರಿಗೆ ಮರಳುತ್ತೀರಿ ಎಂಬುದಕ್ಕೆ ಸಾಕ್ಷಿ.

ಮಗಳ ಬಾಣಂತನಕ್ಕೆ ಬರುವ ತಾಯಂದಿರು ಒಂದು ಮಾತು ನೆನಪಿಡಿ. ಮೊಮ್ಮಗುವನ್ನು ನೋಡಲು ಬಂದು ಕೆಲ ಕಾಲ ಎತ್ತಿ ಆಡಿಸುವುದಕ್ಕೆ ಅಡ್ಡಿಯಿಲ್ಲ. ಕೂಲಿಗೆ ಮಗು ನೋಡಿಕೊಳ್ಳಲು ಬಂದಂತೆ ಕಾಣಬಾರದು, ಅಷ್ಟೇ. ಅಧಿಕಾರಿ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ: ಯಾರ ಮನೆ, ಎಷ್ಟು ದಿನ, ಮರಳುವ ಟಿಕೆಟ್ ಯಾವತ್ತಿನದು. ಮಕ್ಕಳ ವಿಳಾಸ, ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳಿ.

ಪೆಟ್ಟಿಗೆ, ಪ್ರಯಾಣ

ಹಾಲಿನ ಪದಾರ್ಥ ಮತ್ತು ಮಾಂಸವನ್ನು ಭಾರತದಿಂದ ತರುವಂತಿಲ್ಲ. ಧಾರವಾಡ ಪೇಢೆ, ಮನೆಯ ತುಪ್ಪ ಎಷ್ಟೇ ಪ್ರೀತಿಯದ್ದಾದರೂ ಊರಲ್ಲೇ ಇರಲಿ. ಚಟ್ನಿಪುಡಿ, ಸಾರಿನ ಪುಡಿಗೆ ತೊಂದರೆಯಿಲ್ಲ.

ಲಂಡನ್ನಿನಲ್ಲಿ ಇಳಿದು ಉತ್ತರಕ್ಕೆ ಬರುವುದಕ್ಕಿಂತ ದುಬೈ ಅಥವಾ ದೋಹಾ ಮೂಲಕ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರಿಗೆ ಬರುವುದು ಹಿರಿಯರಿಗೆ ಹಗುರ. ಲೀಡ್ಸ್‌ಗೆ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಿಂದಲೇ ನೇರ ರೈಲಿದೆ. ಗಾಲಿಕುರ್ಚಿ ಬೇಕಿದ್ದರೆ ಕನಿಷ್ಠ 48 ಗಂಟೆ ಮುಂಚೆ ತಿಳಿಸಿ, ಸಂಕೋಚ ಬೇಡ. ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ. ಪಿಂಚಣಿದಾರರು ನವೆಂಬರಿನಲ್ಲಿ ಇಲ್ಲಿರುವುದಾದರೆ ಜೀವಿತ ಪ್ರಮಾಣಪತ್ರದ ವ್ಯವಸ್ಥೆ ಮಾಡಿಯೇ ಹೊರಡಿ.

ಬೇಸಿಗೆಯಲ್ಲೇ ಬನ್ನಿ

ಡಿಸೆಂಬರಿನಲ್ಲಿ ಲೀಡ್ಸ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಕತ್ತಲ ಮನೆಯಲ್ಲಿ ಇಬ್ಬರೇ ಕೂರುವುದು ಎಂಥವರನ್ನೂ ಕುಗ್ಗಿಸುತ್ತದೆ. ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಬರ್ಮಿಂಗ್‌ಹ್ಯಾಮ್ ಪಕ್ಕದ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗಬಹುದು. ಷೇಕ್ಸ್‌ಪಿಯರನ ಊರು ಸ್ಟ್ರ್ಯಾಟ್‌ಫರ್ಡ್‌ಗೆ ಹೋದರೆ ಅವನು ಹುಟ್ಟಿದ ಮನೆಯ ತೋಟದಲ್ಲಿ ನಮ್ಮ ರವೀಂದ್ರನಾಥ ಟ್ಯಾಗೋರರ ಪ್ರತಿಮೆಯೂ ಕಾಣುತ್ತದೆ. ಲಂಡನ್‌ವರೆಗೆ ಹೋಗುವುದಾದರೆ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಕನ್ನಡ ಬಳಗದ ಕಾರ್ಯಕ್ರಮ ಹತ್ತಿರದಲ್ಲಿದ್ದರೆ ತಪ್ಪದೆ ಕರೆದೊಯ್ಯಿರಿ. ಅಮ್ಮಂದಿರಿಗೆ ಊರಿನ ಮಾತು ಸಿಕ್ಕರೆ ಅರ್ಧ ಬೇಸರ ಕಳೆಯುತ್ತದೆ.

ಅಪ್ಪನ ಮನಸ್ಸು ಬದಲಾಗಲು ಎರಡು ವರ್ಷ ಬೇಕಾಯಿತು. ಮೊನ್ನೆ ಮತ್ತೆ ವಿಮೆಯ ಅರ್ಜಿ ತುಂಬುವಾಗ ಫೋನ್ ಮಾಡಿದೆ. ನಾನು ಕೇಳುವ ಮೊದಲೇ ಅವರೇ ಶುರು ಮಾಡಿದರು: ‘ಬರ್ಕೋ. ಬಿ.ಪಿ. ಒಂದು. ಹೃದಯದ ಮಾತ್ರೆ ಎರಡು. ಎಡಗಣ್ಣಿನ ಪೊರೆ ತೆಗೆಸಿದ್ದೂ ಹಾಕು. ಈ ಸಲ ಒಂದನ್ನೂ ಬಿಡಬೇಡ.’

ಒಂದನ್ನೂ ಬಿಡಲಿಲ್ಲ. ಮುಂದಿನ ತಿಂಗಳು ಬರುತ್ತಿದ್ದಾರೆ.